ಮುಷ್ಟಿಯೊಳಗಿನ ಬೆಲ್ಲ

ನನಗೆ ಮೊದಲಿನಿಂದಲೂ ಸಿಟ್ಟು ಜಾಸ್ತಿ. ಅಟ್ಟೂರಿನ ನನ್ನ ಟೈಲರಿಂಗ್ ಅಂಗಡಿಗೆ ಬರುವ ಹೆಂಗಸರಿಗೆಲ್ಲ ಇದು ಗೊತ್ತು. ಅಳತೆ ಕೊಡುವಾಗ ಯಾರಾದರೂ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರೆ ಟೇಪು ಅಲ್ಲೇ ಬಿಸಾಕುತ್ತೇನೆ. “ಟೇಪಿಗೆ ಸುಳ್ಳು ಹೇಳ್ಬೇಡಿ ಕಣ್ರೀ. ಆಮೇಲೆ ಹೊಲಿಗೆ ಬಿಚ್ಕೊಂಡ್ರೆ ನನ್ನೇ ಬೈತೀರಾ” ಅನ್ನುತ್ತೇನೆ. ಅವರು ನಗುತ್ತಾರೆ. ನಗಲಿ. ಆದರೆ ಸುಳ್ಳು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ ಅನ್ನುವುದು ತಮಾಷೆಯ ಮಾತಲ್ಲ. ಸುಳ್ಳು ಹೇಳಬಾರದು ಅಂತ ನನಗೆ ಕಲಿಸಿದ್ದು ನಮ್ಮ ಉಸ್ತಾದರು. ಜನ್ಮದಲ್ಲಿ ನನಗೆ ಅತಿ ದೊಡ್ಡ ಸುಳ್ಳು ಹೇಳಿದವರೂ ಅವರೇ.

ಈ ಅಂಗಡಿ ಇಡುವ ಮುಂಚೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಸರ್ಕಸ್ಸಿನಲ್ಲಿದ್ದೆ. ಜೀನು ಇಲ್ಲದ ಕುದುರೆಯ ಬೆನ್ನ ಮೇಲೆ, ಅದು ಓಡುತ್ತಿರುವಾಗ, ನಿಂತು ಸವಾರಿ ಮಾಡುವುದು ನನ್ನ ಕೆಲಸ. ಇದನ್ನು ಹೇಳಿದರೆ ಕಾಲೇಜು ಹುಡುಗಿಯರು ನನ್ನ ಸೊಂಟ ನೋಡಿ, “ಹೌದಾ ಆಂಟಿ? ಸೀರಿಯಸ್ಸಾಗಾ?” ಅನ್ನುತ್ತಾರೆ. ಹೌದಮ್ಮ, ಸೀರಿಯಸ್ಸಾಗೇ. ನಿನ್ನ ವಯಸ್ಸಿನಲ್ಲಿ ನಾನು ಕುದುರೆಯ ಮೇಲೆ ನಿಂತು ಹಗ್ಗ ಜಿಗಿಯುತ್ತಿದ್ದೆ.

ನಾನು ಹುಟ್ಟಿದ್ದು ಗೊರಗುಂಟೆಪಾಳ್ಯದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಸರ್ಕಸ್ ಕಂಪನಿಯೊಂದರ ಅಡುಗೆಮನೆ ಸೇರಿದಳು. ಒಂಬತ್ತು ವರ್ಷದ ನಾನು ಅವಳ ಸೆರಗು ಹಿಡಿದು ಹೋದೆ. ಅಲ್ಲಿ ಕುದುರೆಗಳನ್ನು ಪಳಗಿಸುತ್ತಿದ್ದವರು ಈ ಉಸ್ತಾದರು. ಯಶವಂತಪುರದವರು. ಅವರಪ್ಪ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಹೊಡೆಯುತ್ತಿದ್ದರಂತೆ. ಆಟೋಗಳು ಬಂದು ಜಟಕಾ ನಿಂತಾಗ ಮಗ ಕುದುರೆಯನ್ನು ಬಿಡಲಾರದೆ ಡೇರೆಯ ಹಿಂದೆ ಹೊರಟರು. ನನ್ನನ್ನು ‘ಬೇಟಿ’ ಅನ್ನುತ್ತಿದ್ದರು. ಅಪ್ಪನಿಲ್ಲದ ಮಗುವಿಗೆ ಆ ಒಂದು ಮಾತು ಸಾಕಾಗಿತ್ತು.

ಬೆಳಗಿನ ಅಭ್ಯಾಸ ಮುಗಿಸಿ ಕುದುರೆ ಉಜ್ಜುವ ಹೊತ್ತಿನಲ್ಲಿ ಅವರು ಸರ್ಕಸ್ಸಿನ ಕಥೆ ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಿ ಸೈನ್ಯ ಬಿಟ್ಟು ಬಂದ ಒಬ್ಬ ಸವಾರ, ನೇರಕ್ಕೆ ಓಡುವ ಕುದುರೆಯ ಮೇಲೆ ನಿಲ್ಲುವುದು ಕಷ್ಟ, ಗುಂಡಗೆ ಓಡಿಸಿದರೆ ಸುಲಭ ಅಂತ ಕಂಡುಕೊಂಡನಂತೆ. ಕುದುರೆ ಒಳಕ್ಕೆ ವಾಲುತ್ತದೆ, ಸವಾರನ ಮೈಯೂ ವಾಲುತ್ತದೆ, ಪಾದ ತಾನಾಗಿ ಬೆನ್ನಿಗೆ ಕೂರುತ್ತದೆ. ಅದಕ್ಕೇ ಪ್ರಪಂಚದ ಯಾವ ಸರ್ಕಸ್ಸಿಗೆ ಹೋದರೂ ರಿಂಗಿನ ಅಗಲ ಸುಮಾರು ನಲವತ್ತೆರಡು ಅಡಿ. ಅದು ಕುದುರೆಯ ಅಳತೆ. ಜೋಕರು, ಉಯ್ಯಾಲೆ, ಹುಲಿ, ಆನೆ ಎಲ್ಲ ಆಮೇಲೆ ಬಂದ ನೆಂಟರು. ನಮ್ಮ ದೇಶದಲ್ಲೂ ಮೊದಲು ಡೇರೆ ಕಟ್ಟಿದವರು ಮರಾಠಿ ಸೀಮೆಯ ಒಂದು ಸಣ್ಣ ಸಂಸ್ಥಾನದಲ್ಲಿ ರಾಜರ ಕುದುರೆ ನೋಡಿಕೊಳ್ಳುತ್ತಿದ್ದವರು. ಹೊರದೇಶದ ಕಂಪನಿಯ ಆಟ ನೋಡಿ, ‘ನಾವೇನು ಕಮ್ಮಿ’ ಅಂತ ಹಠಕ್ಕೆ ಬಿದ್ದು ಶುರು ಮಾಡಿದರಂತೆ. ಅವರಿಂದ ಕೇರಳದವರು ಕಲಿತರು, ರೈಲು ಹತ್ತಿ ಊರೂರು ತಿರುಗಿದರು. “ಎಲ್ಲಾ ಶುರುವಾಗಿದ್ದು ನಮ್ ಕುದ್ರೆಯಿಂದ ಬೇಟಿ. ಮಿಕ್ಕಿದ್ದೆಲ್ಲಾ ಬರೀ ಶೋಕಿ” ಅನ್ನುತ್ತಿದ್ದರು. ಕೇಳುವಾಗ ನನಗೆ ರಾಜವಂಶದಲ್ಲಿ ಹುಟ್ಟಿದಷ್ಟು ಜಂಬ ಬರುತ್ತಿತ್ತು.

ಅವರ ಕೈಯಲ್ಲಿ ಚಾಟಿ ಇರುತ್ತಿತ್ತು, ನಿಜ. ಆದರೆ ಅದು ಗಾಳಿಯಲ್ಲಿ ಸದ್ದು ಮಾಡುವುದಕ್ಕೆ ಮಾತ್ರ. ಅವರ ನಿಜವಾದ ವಿದ್ಯೆ ಮುಷ್ಟಿಯದು. ಕುದುರೆಯನ್ನು ಕರೆಯಬೇಕಾದರೆ ಬಲಗೈ ಮುಷ್ಟಿ ಬಿಗಿಮಾಡಿ ಎದೆಯ ಮಟ್ಟಕ್ಕೆ ಹಿಡಿಯಬೇಕು. ಕುದುರೆ ಹತ್ತಿರ ಬಂದು ಮೂಗು ತಾಗಿಸಿದಾಗ ಬೆರಳು ಬಿಡಿಸಬೇಕು. ಒಳಗೆ ಬೆಲ್ಲ ಇರಬೇಕು. ಒಂದೇ ಒಂದು ಸಲವೂ ಖಾಲಿ ಮುಷ್ಟಿ ತೋರಿಸುವ ಹಾಗಿಲ್ಲ. ಒಮ್ಮೆ ಬೆಲ್ಲ ತರಲು ಮರೆತಿದ್ದ ನಾನು ಸುಮ್ಮನೆ ಮುಷ್ಟಿ ಹಿಡಿದೆ. ಉಸ್ತಾದರು ಇಡೀ ಕಂಪನಿಯ ಮುಂದೆ ನನ್ನ ಕೆನ್ನೆಗೆ ಬಾರಿಸಿದರು. “ಮನುಷ್ಯರಿಗೆ ಎಷ್ಟಾದ್ರೂ ಸುಳ್ಳು ಹೇಳ್ಕೋ. ಅವರಿಗೆ ನಾಲಿಗೆ ಐತೆ, ವಾಪಸ್ ಕೇಳ್ತಾರೆ. ಕುದ್ರೆಗೆ ಹೇಳ್ಬೇಡ. ಅದು ಕೇಳಲ್ಲ, ನಂಬೋದು ಬಿಟ್ಬಿಡುತ್ತೆ.” ಆ ಏಟು ನನಗೆ ಸಿಟ್ಟು ತರಿಸಲಿಲ್ಲ. ದೀಕ್ಷೆ ಕೊಟ್ಟ ಹಾಗೆ ತೆಗೆದುಕೊಂಡೆ. ಎಂಥ ಪೆದ್ದಿ ನಾನು!

ನನ್ನ ಮೂವತ್ತು ದಾಟಿದ ಮೇಲೆ ಅವಳು ಬಂದಳು. ಬಿಳಿ ಹೆಣ್ಣು ಕುದುರೆ. ಆಗಿನ್ನೂ ಮೂರು ವರ್ಷದ್ದು. ಎಡಗಿವಿಯ ತುದಿ ಯಾವುದೋ ಜಗಳದಲ್ಲಿ ಹರಿದಿತ್ತು. ಬೆನ್ನ ಮೇಲೆ ನಿಲ್ಲುವ ಆಟಕ್ಕೆ ಬಿಳಿ ಕುದುರೆಯನ್ನೇ ಹುಡುಕುತ್ತಾರೆ, ಯಾಕೆಂದರೆ ಕಾಲು ಜಾರದಿರಲಿ ಅಂತ ಬೆನ್ನಿಗೆ ಹಚ್ಚುವ ರಾಳದ ಪುಡಿ ಬಿಳಿ ಮೈಯಲ್ಲಿ ಕಾಣಿಸುವುದಿಲ್ಲ. ಜನರಿಗೆ ಅದೇನೋ ದೇವಲೋಕದ ಕುದುರೆ ಅನ್ನಿಸುತ್ತದೆ. ಬ್ಯಾಂಡಿಗೆ ಕುದುರೆ ಕುಣಿಯುತ್ತದೆ ಅಂತಲೂ ಅಂದುಕೊಳ್ಳುತ್ತಾರೆ. ಅಯ್ಯೋ, ಕುದುರೆಯ ಹೆಜ್ಜೆ ನೋಡಿಕೊಂಡು ಬ್ಯಾಂಡಿನವರು ಬಾರಿಸುತ್ತಾರೆ ಸ್ವಾಮಿ! ಅವಳು ತುಸು ನಿಧಾನ ಮಾಡಿದರೆ ಡ್ರಮ್ಮಿನವನೂ ನಿಧಾನ ಮಾಡಬೇಕು.

ಹನ್ನೊಂದು ವರ್ಷ ಅವಳ ಬೆನ್ನ ಮೇಲೆ ನಿಂತೆ. ಯಾವಾಗಲೂ ಎಡಕ್ಕೇ ಸುತ್ತು. ಸರ್ಕಸ್ ಕುದುರೆ ಎಡಕ್ಕೆ ಸುತ್ತಿ ಸುತ್ತಿ ಬಲಕ್ಕೆ ತಿರುಗು ಅಂದರೆ ಮುಖ ಮುಖ ನೋಡುತ್ತದೆ. ಒಂದು ಸಲ ಹುಬ್ಬಳ್ಳಿಯಲ್ಲಿ ಆಟದ ನಡುವೆ ನಾನು ಜಾರಿ ಅವಳ ಮುಂಗಾಲಿನ ಕೆಳಗೇ ಬಿದ್ದೆ. ಓಡುವ ಕುದುರೆ ಅಷ್ಟು ಬೇಗ ನಿಲ್ಲುವುದಿಲ್ಲ. ಅವಳು ನಿಂತಳು. ಹಾಗೆ ನಿಂತದ್ದಕ್ಕೆ ಅವಳ ಮಂಡಿ ಉಳುಕಿ ತಿಂಗಳು ಕುಂಟಿದಳು. ನನಗೆ ಒಂದು ಗೀರೂ ಆಗಲಿಲ್ಲ. ಅಷ್ಟು ಸಾಕಲ್ಲವೇ, ನಾನು ಅವಳಿಗೆ ಏನಾಗಬೇಕು, ಅವಳು ನನಗೆ ಏನಾಗಬೇಕು ಅಂತ ತಿಳಿಯಲು. ಮದುವೆ ಅಂತ ನಾನು ಆಗಲಿಲ್ಲ, ಮಕ್ಕಳೂ ಇಲ್ಲ.

ಅಷ್ಟರಲ್ಲಾಗಲೇ ಸರ್ಕಸ್ಸು ಸೊರಗಿತ್ತು. ನನ್ನ ಕಣ್ಣೆದುರೇ ಹುಲಿ, ಸಿಂಹ, ಕರಡಿ ಹೋದವು. ಕಾನೂನು ಬಂತು, ಒಳ್ಳೆಯದೇ ಆಯಿತು, ಆ ಬೋನುಗಳನ್ನು ತೊಳೆದವರಿಗೆ ಗೊತ್ತು. ಆಮೇಲೆ ಆನೆ ಹೋದವು. ಕೊನೆಗೆ ಉಳಿದದ್ದು ನಾಲ್ಕು ಕುದುರೆ, ಒಂದಿಷ್ಟು ನಾಯಿ. ಲಾಕ್‌ಡೌನ್ ಬಂದಾಗ ನಮ್ಮ ಡೇರೆ ತುಮಕೂರು ರಸ್ತೆಯ ಪಕ್ಕದ ಒಂದು ಖಾಲಿ ಮೈದಾನದಲ್ಲಿತ್ತು, ಗೊರಗುಂಟೆಪಾಳ್ಯದಿಂದ ತುಸು ದೂರ. ಹುಟ್ಟಿದ ಜಾಗಕ್ಕೇ ಬಂದು ಸಿಕ್ಕಿಹಾಕಿಕೊಂಡೆ ನೋಡಿ. ರಸ್ತೆಯಲ್ಲಿ ಒಂದು ಲಾರಿಯಿಲ್ಲ. ಮಾಲೀಕರ ಫೋನು ಮೊದಲು ದಿನಾ ಬರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಇಲ್ಲ.

ಮನುಷ್ಯರಿಗೆ ಅಕ್ಕಿ ಬೇಳೆ ಯಾರೋ ಪುಣ್ಯಾತ್ಮರು ಕೊಡುತ್ತಿದ್ದರು. ಕುದುರೆಗೆ? ಅಟ್ಟೂರಿನ ಹಳೇ ಮನೆತನದ ಯಜಮಾನರೊಬ್ಬರು ಸುದ್ದಿ ಕೇಳಿ ಟ್ರಾಕ್ಟರಿನಲ್ಲಿ ರಾಗಿಹುಲ್ಲು ತಂದು ಹಾಕಿದರು. “ಇಂಗಾದ್ರೆ ಎಂಗವ್ವಾ? ಪಾಪ, ಮೂಕ್ ಪ್ರಾಣಿ” ಅಂದರು. ಈಗ ನನ್ನ ಅಂಗಡಿ ಇರುವುದು ಅವರ ಕಟ್ಟಡದಲ್ಲೇ. ಆದರೆ ಒಂದು ಟ್ರಾಕ್ಟರ್ ಹುಲ್ಲು ಎಷ್ಟು ದಿನ ಬರುತ್ತದೆ? ಅವಳ ಪಕ್ಕೆಲುಬು ಎಣಿಸುವ ಹಾಗಾಯಿತು. ನಾನು ಉಸ್ತಾದರ ಮುಂದೆ ಕೂತು ಅತ್ತೆ.

ನಾಲ್ಕು ದಿನ ಬಿಟ್ಟು ಅವರು ನಗುನಗುತ್ತಾ ಬಂದರು. “ಬೇಟಿ, ದೇವರು ದೊಡ್ಡೋನು. ಹೆಬ್ಬಾಳದ ವೆಟರ್ನರಿ ಕಾಲೇಜಿನೋರ ಹತ್ರ ಮಾತಾಡಿದ್ದೀನಿ. ನೆರಳೈತೆ, ಹುಲ್ಲೈತೆ, ದಿನಾ ಡಾಕ್ಟ್ರು ನೋಡ್ತಾರೆ. ಸಾಯೋ ತನಕ ಕೆಲಸ ಇಲ್ಲ ಅವಳಿಗೆ. ಬಸ್ ಬಿಟ್ಮೇಲೆ ನೀನು ಹೋಗಿ ನೋಡ್ಕೊಂಡು ಬರ್ಬೋದು.” ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಮರುದಿನ ಬೆಳಿಗ್ಗೆ ಸಣ್ಣ ಲಾರಿ ಬಂತು. ಹಿಂದಿನ ಬಾಗಿಲಿಗೆ ಹಲಗೆ ಹಾಕಿದರು. ಅವಳು ಹತ್ತಲಿಲ್ಲ. ಮೂರು ಜನ ಎಳೆದರು, ಇಬ್ಬರು ಹಿಂದಿನಿಂದ ತಳ್ಳಿದರು, ಕಾಲೂರಿ ನಿಂತುಬಿಟ್ಟಳು. ಕಣ್ಣಿನ ಬಿಳಿ ಕಾಣುತ್ತಿತ್ತು. ಆಗ ಉಸ್ತಾದರು ಎಲ್ಲರನ್ನೂ ಸರಿಸಿ ನನ್ನ ಬಳಿ ಬಂದರು. “ನೀನೇ ಕರಿ. ನಿನ್ ಮುಷ್ಟಿ ಬಿಟ್ರೆ ಇನ್ಯಾರ್ದೂ ನಂಬಲ್ಲ ಅವಳು” ಅಂದರು. ತಾವೇ ಜೇಬಿನಿಂದ ಬೆಲ್ಲದ ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಚಿದರು.

ನಾನು ಹಿಂದುಹಿಂದಕ್ಕೆ ಹಲಗೆ ಹತ್ತಿದೆ, ಮುಷ್ಟಿ ಎದೆಯ ಮುಂದೆ ಹಿಡಿದು. ಅವಳು ಒಮ್ಮೆ ಲಾರಿಯನ್ನು ನೋಡಿದಳು, ಒಮ್ಮೆ ಮುಷ್ಟಿಯನ್ನು. ಆಮೇಲೆ ಟಕ ಟಕ ಅಂತ ಹತ್ತಿ ಬಂದಳು. ಮೂಗು ತಾಗಿಸಿದಳು. ಬೆರಳು ಬಿಡಿಸಿದೆ, ಬೆಲ್ಲ ತಿಂದಳು. ನಾನು ಅವಳ ಹರಿದ ಕಿವಿಗೆ ಮುತ್ತಿಟ್ಟು ಇಳಿದೆ. ಉಸ್ತಾದರು ನನ್ನ ತಲೆಯ ಮೇಲೆ ಕೈಯಿಟ್ಟು, “ಒಳ್ಳೇದಾಗ್ಲಿ ಬೇಟಿ” ಅಂದರು.

ಬಸ್ಸು ಓಡಾಡತೊಡಗಿದ ವಾರವೇ ನಾನು ಹೆಬ್ಬಾಳಕ್ಕೆ ಹೋದೆ. ಸೆರಗಿನ ತುದಿಯಲ್ಲಿ ಬೆಲ್ಲ ಗಂಟು ಹಾಕಿಕೊಂಡಿದ್ದೆ. ಅಲ್ಲಿನ ಒಬ್ಬ ಡಾಕ್ಟರಮ್ಮ ನನ್ನನ್ನು ಕೂರಿಸಿ, ನೀರು ಕೊಟ್ಟು, ಎರಡು ಮೂರು ಕಡೆ ವಿಚಾರಿಸಿ ಬಂದರು. “ಅಂಥ ಕುದುರೆ ಇಲ್ಲಿಗೆ ಬಂದೇ ಇಲ್ಲಮ್ಮ. ಯಾರೂ ನಮ್ಮನ್ನ ಕೇಳಿಯೂ ಇಲ್ಲ” ಅಂದರು. ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದೇನು ಗೊತ್ತೆ? ಪಾಪ, ನಮ್ಮ ಉಸ್ತಾದರಿಗೆ ಯಾರೋ ಟೋಪಿ ಹಾಕಿಬಿಟ್ಟಿದ್ದಾರಲ್ಲ ಅಂತ! ವಯಸ್ಸಾದವರು, ಹೇಗೆ ತಡೆದುಕೊಳ್ಳುತ್ತಾರೋ ಅಂತ! ಅಲ್ಲಿಂದಲೇ ಫೋನು ಮಾಡಿದೆ. ಸ್ವಿಚ್ ಆಫ್. ಮೈದಾನಕ್ಕೆ ವಾಪಸ್ ಓಡಿದೆ. ಅವರ ಗುಡಾರದಲ್ಲಿ ಪೆಟ್ಟಿಗೆ ಇರಲಿಲ್ಲ. ಉಳಿದ ಮೂರು ಕುದುರೆಗಳೂ ಇರಲಿಲ್ಲ. “ಬೆಳಿಗ್ಗೇನೇ ಹೊರಟ್ರಲ್ಲ, ನಿಂಗೆ ಹೇಳ್ಲಿಲ್ವಾ?” ಅಂದರು ಅಡುಗೆಯವರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಲ್ಲಿಯವರೆಗೆ ಮನಸ್ಸಿನಲ್ಲೂ ಅವರನ್ನು ಏಕವಚನದಲ್ಲಿ ನೆನೆದವಳಲ್ಲ ನಾನು. ಇಲ್ಲಿಂದ ಮುಂದೆ ಅವನು ಅಂತಲೇ ಅನ್ನುತ್ತೇನೆ. ಮಾರಿದ್ದಕ್ಕಲ್ಲ. ಹೊಟ್ಟೆಗಿಲ್ಲದಾಗ ಮಾರಿದೆ ಅಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ನನ್ನ ಕೈಯಿಂದ ಮಾಡಿಸಿದನಲ್ಲ, ಅದಕ್ಕೆ. ಮೂವತ್ತು ವರ್ಷ ನನಗೆ ಬೆಲ್ಲ ತಿನ್ನಿಸುತ್ತಾ ಸಾಕಿ, ಕೊನೆಗೆ ನನ್ನನ್ನೇ ಬೆಲ್ಲ ಮಾಡಿ ಅವಳ ಮೂತಿಗೆ ಹಿಡಿದ. ನಂಬಿದವರ ಕುತ್ತಿಗೆ ಕುಯ್ಯುವುದು ಅನ್ನುತ್ತಾರಲ್ಲ, ಅವನು ಕುಯ್ದದ್ದು ಎರಡು ಕುತ್ತಿಗೆ. ಅವನ ಮನೆ ಹಾಳಾಗ ಅಂತ ಬೈದೆ, ಗೋಡೆಗೆ ಬೈದೆ, ಬಸ್ಸಿನಲ್ಲಿ ಕೂತು ಬೈದೆ. ಪಕ್ಕದ ಸೀಟಿನವರು ಎದ್ದು ಹೋದರು.

ಆಟದ ಬಟ್ಟೆಗಳಿಗೆ ಮಿಣಿಮಿಣಿ ಚಮಕಿ ಹೊಲಿಯುತ್ತಿದ್ದ ಕೈ ನನ್ನದು, ಅದರಿಂದಲೇ ಬದುಕು ಹಿಡಿದೆ. ಯಲಹಂಕ ಸುತ್ತಮುತ್ತಲಿನ ಮದುವೆ ಬ್ಲೌಸುಗಳಿಗೆ ಮಣಿ, ಜರಿ ಕೆಲಸ ಮಾಡುತ್ತೇನೆ. ಬಿಡುವಾದಾಗ ಅವಳನ್ನು ಹುಡುಕಿದೆ. ರೇಸಿನವರು, ಬೀಚಿನ ಸವಾರಿಗೆ ಕುದುರೆ ಕಳಿಸುವವರು, ಕುದುರೆ ಗಾಡಿಯವರು, ಯಾರನ್ನು ಕೇಳಿದರೂ ಇಲ್ಲ. ನಾಲ್ಕು ವರ್ಷ ಕಳೆಯಿತು. ಸತ್ತಿರಬೇಕು ಅಂತ ಮನಸ್ಸಿಗೆ ಹೇಳಿಕೊಂಡೆ.

ಹೋದ ವರ್ಷ ನನ್ನ ಕಟ್ಟಡದ ಯಜಮಾನರ ಮಗನ ಮದುವೆ. ರಾಗಿಹುಲ್ಲು ಕೊಟ್ಟವರೇ. ಈಗ ಅವರ ಹೊಲವೆಲ್ಲ ಲೇಔಟ್ ಆಗಿ, ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ದೊಡ್ಡಬಳ್ಳಾಪುರ ರಸ್ತೆಯ ಕಲ್ಯಾಣ ಮಂಟಪ. ಬೆಳಿಗ್ಗೆ ಒಂಬತ್ತಕ್ಕೆ ಗಂಡಿನ ತಾಯಿ ಫೋನು ಮಾಡಿ, ಬ್ಲೌಸಿನ ಹುಕ್ಕು ಕಿತ್ತು ಬಂದಿದೆ, ಓಡಿ ಬಾ ಅಂದರು. ಉಸಿರು ಹಿಡಿದು ಅಳತೆ ಕೊಟ್ಟ ಫಲ. ಸೂಜಿ ದಾರ ಹಿಡಿದು ಹೋದೆ. ಹುಕ್ಕು ಹಾಕಿ ಮುಗಿಸಿ ಮಂಟಪದ ಗೇಟಿನ ಹತ್ತಿರ ನಿಂತಿದ್ದೆ, ಗಂಡಿನ ಮೆರವಣಿಗೆ ಬಂತು. ನಮ್ಮ ಕಡೆ ಮದುವೆಗಳಲ್ಲಿ ಇದೆಲ್ಲಿತ್ತು? ಈಗ ಡೋಲು, ಡಿಜೆ, ಬಣ್ಣದ ಹೊಗೆ, ಪೇಟ ಕಟ್ಟಿಕೊಂಡ ಗಂಡು ಕುದುರೆಯ ಮೇಲೆ.

ಗೇಟು ರಸ್ತೆಯ ಬಲಕ್ಕಿತ್ತು. ಅಲ್ಲಿಗೆ ಬಂದು ಕುದುರೆ ನಿಂತುಬಿಟ್ಟಿತು. ಎಳೆದರೆ ಎಡಕ್ಕೆ ಹೋಗುತ್ತದೆ, ಬಲಕ್ಕೆ ಬರುವುದಿಲ್ಲ. ಗಂಡಿನ ಗೆಳೆಯರು ಕೇಕೆ ಹಾಕಿದರು. “ಮಗಾ, ಹುಡುಗಿ ಬೇಡ ಅಂತಿದೆ ಕಣೋ ಕುದುರೆ!” “ಗುರು, ಇದು ಬರೀ ಲೆಫ್ಟಿಗೇ ಹೋಗುತ್ತೆ!” ಎಲ್ಲರೂ ನಕ್ಕರು. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ. ಹಣೆಗೆ ಕಟ್ಟಿದ್ದ ಜರಿ ಕುಚ್ಚಿನ ಪಕ್ಕದಲ್ಲಿ ಹರಿದ ಎಡಗಿವಿ.

ಲಗಾಮು ಹಿಡಿದಿದ್ದವನು ನಡುವಯಸ್ಸಿನ ಗಂಡಸು, ಬೆವೆತುಹೋಗಿದ್ದ. “ಬಿಡಪ್ಪ, ನಾನು ತಿರುಗಿಸ್ತೀನಿ” ಅಂದೆ. ಯಾವ ಧೈರ್ಯದಲ್ಲಿ ಅಂದೆನೋ. ಅವಳ ಎಡಪಕ್ಕಕ್ಕೆ ನಿಂತು, ರಿಂಗಿನಲ್ಲಿ ಕೂಗುತ್ತಿದ್ದ ಹಾಗೆ “ಹೈ!” ಅಂದೆ. ಅವಳ ಮೈ ನಡುಗಿತು. ರಸ್ತೆಯ ಮೇಲೆಯೇ ಎಡಕ್ಕೆ ಎಡಕ್ಕೆ ಮುಕ್ಕಾಲು ಸುತ್ತು ಹಾಕಿಸಿದೆ, ಮುಖ ನೇರ ಗೇಟಿಗೆ ಬಂತು, ಒಳಗೆ ನಡೆದಳು. ಡೋಲಿನವರು ಅವಳ ಹೆಜ್ಜೆಗೆ ಬಾರಿಸಿದರು. ಜನ ಚಪ್ಪಾಳೆ ಹೊಡೆದರು. ಯಜಮಾನರು, “ಭಲೇ ಕಣವ್ವಾ!” ಅಂದರು. ನನಗೆ ಯಾವುದೂ ಬೇಕಿರಲಿಲ್ಲ. ಅವಳು ಬದುಕಿದ್ದಳು. ನನ್ನ ದನಿ ಕೇಳಿ ತಿರುಗಿದಳು. ಅವಳಿಗೆ ನಾನು ನೆನಪಿದ್ದೆ.

ಗಂಡು ಇಳಿದ ಮೇಲೆ ಅವಳನ್ನು ಹಿಂದುಗಡೆಯ ಹೊಂಗೆಮರದ ಕೆಳಗೆ, ಕಾಂಪೌಂಡ್ ಗೋಡೆಯ ಪಕ್ಕ ಕಟ್ಟಿದರು. ನಾನು ಒಳಗೆ ಓಡಿದೆ. ಧಾರೆಗೆ ಇಟ್ಟಿದ್ದ ಜೀರಿಗೆ-ಬೆಲ್ಲದ ತಟ್ಟೆ ಹಿಡಿದು ಗಂಡಿನ ತಾಯಿ ನಿಂತಿದ್ದರು. “ಒಂದು ಚೂರು ಬೆಲ್ಲ ಕೊಡಿ ಅಮ್ಮಾ” ಅಂದೆ. “ಧಾರೆ ಬೆಲ್ಲ ಯಾತಕ್ಕೇ?” ಅಂದರು, ನನ್ನ ಮುಖ ನೋಡಿ ಕೊಟ್ಟರು. ಮುಷ್ಟಿಯಲ್ಲಿ ಬಿಗಿಹಿಡಿದು ಮರದ ಹತ್ತಿರ ಬಂದೆ.

ಲಗಾಮಿನವನು ಬೀಡಿ ಹಚ್ಚುತ್ತಿದ್ದ. ನನ್ನ ಮುಷ್ಟಿ ನೋಡಿ ನಕ್ಕ. “ಅಯ್ಯೋ, ಅದು ಈಗ ನಡೆಯಲ್ಲ ಅಕ್ಕಾ” ಅಂದ. ಆಮೇಲೆ ನನ್ನನ್ನು ದಿಟ್ಟಿಸಿ, “ಸರ್ಕಸ್ಸಲ್ಲಿ ಆಡಿಸ್ತಿದ್ದೋರು ನೀವೇನಾ? ನೀವೇ ಖುಷಿಯಾಗಿ ಲಾರಿ ಹತ್ತಿಸಿ ಕಳಿಸಿದ್ರಂತಲ್ಲ. ಕುದ್ರೆ ಕೊಂಡ ನಮ್ ಮಾಲೀಕ್ರಿಗೆ ಉಸ್ತಾದ್ ಹೇಳಿದ್ರು” ಅಂದ.

“ಇನ್ನೇನು ಹೇಳಿದ ಅವನು?”

“ಮುಷ್ಟಿ ಟೆಕ್ನಿಕ್ ಹೇಳ್ಕೊಟ್ರು. ಸುಮ್ನೆ ಮುಷ್ಟಿ ಬಿಗಿ ಮಾಡಿ ತೋರ್ಸಿ, ಎಲ್ಲಿಗೆ ಬೇಕಾದ್ರೂ ಬರ್ತಾಳೆ, ಬೆಲ್ಲ ಗಿಲ್ಲ ಏನೂ ಬೇಕಾಗಿಲ್ಲ ಅಂತ. ನಿಜ ಅಕ್ಕಾ, ಮೊದಲನೇ ಸೀಸನ್ ಪೂರ್ತಿ ಬಂತು. ಪಟಾಕಿ ಮಧ್ಯಾನೂ ಬರ್ತಿತ್ತು. ಪ್ರತಿ ಸಲ ಮೂಗು ತಾಗಿಸಿ ನೋಡೋದು, ಪಾಪ. ಆಮೇಲಾಮೇಲೆ ನಿಲ್ಲಿಸ್ಬಿಡ್ತು.”

ಅವನು ಕೆಟ್ಟವನಲ್ಲ. ಹೇಳಿಕೊಟ್ಟದ್ದನ್ನು ಮಾಡಿದ್ದ. ಉಸ್ತಾದ ಈಗ ಯಶವಂತಪುರದ ಮಗಳ ಮನೆಯಲ್ಲಿದ್ದಾನೆ ಅಂತಲೂ ಅವನೇ ಹೇಳಿದ, ಬೀದಿಯ ಗುರುತೂ ಹೇಳಿದ. ನಾನು ಇವತ್ತಿಗೂ ಅಲ್ಲಿಗೆ ಹೋಗಿಲ್ಲ. ಹೋದರೆ ಅವನು ಏನೆನ್ನುತ್ತಾನೆ ಅಂತ ನನಗೆ ಗೊತ್ತು. ‘ಅವತ್ತು ನಿನ್ ಮುಷ್ಟೀಲಿ ನಿಜವಾದ ಬೆಲ್ಲ ಇತ್ತಲ್ಲ ಬೇಟಿ’ ಅನ್ನುತ್ತಾನೆ.

ನಾನು ಅವಳ ಎದುರಿಗೆ ನಿಂತೆ. ಮುಷ್ಟಿಯನ್ನು ಎದೆಯ ಮಟ್ಟಕ್ಕೆ ಹಿಡಿದೆ. ಇವರದೆಲ್ಲ ಬೇರೆ, ಇದು ನನ್ನ ಮುಷ್ಟಿ, ಇದನ್ನು ಅವಳು ಮರೆಯುವುದಿಲ್ಲ ಅಂದುಕೊಂಡೆ. ಅವಳು ನನ್ನ ಮುಖ ನೋಡಿದಳು. ನನ್ನನ್ನು ಗುರುತು ಹಿಡಿದಳು, ಅದರಲ್ಲಿ ಅನುಮಾನವಿಲ್ಲ, ಕಿವಿ ಮುಂದಕ್ಕೆ ಬಂತು. ಆಮೇಲೆ ಮುಷ್ಟಿಯನ್ನು ನೋಡಿದಳು. ಎರಡೂ ಕಿವಿ ಹಿಂದಕ್ಕೆ ಮಲಗಿದವು. ನಿಧಾನವಾಗಿ ಕುತ್ತಿಗೆ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ನಿಂತಳು.

ನಾನು ಬೆರಳು ಬಿಡಿಸಿದೆ. ಬೆಲ್ಲ ಬೆವರಿಗೆ ಕರಗಿ ಅಂಗೈಗೆ ಅಂಟಿಕೊಂಡಿತ್ತು, ಒಂದೆರಡು ಜೀರಿಗೆ ಕಾಳೂ ಇದ್ದವು. ಅವಳ ಕಣ್ಣಿನ ಪಕ್ಕಕ್ಕೆ ಕೈ ಚಾಚಿದೆ. ಒಳಗಿನಿಂದ ಗಟ್ಟಿಮೇಳ ಕೇಳಿಸಿತು. “ಇದೆ ಕಣೇ, ನೋಡೇ” ಅಂದೆ. “ಈ ಸಲ ನಿಜವಾಗ್ಲೂ ಇದೆ ಕಣೇ.” ಅವಳು ತಿರುಗಲಿಲ್ಲ.